ಗೌರವ ಸಂಘಕ್ಕೆ ಬರೆದ ಎರಡು ಪುಟ

ಮೂರನೇ ಬೀದಿಯ ಮಹಡಿ ಮನೆ
ಏಪ್ರಿಲ್ 22, 2002, ಸೋಮವಾರ

ಪ್ರೀತಿಯ ಅಮ್ಮ,

ಈ ಕಾಗದ ಕೈಗೆ ಬಂದ ಕೂಡಲೇ ನೀನು ಒಡೆಯುವುದಿಲ್ಲ, ಗೊತ್ತು. ಅಡುಗೆಮನೆಯ ಮೇಜಿನ ಮೇಲಿಟ್ಟು, ಕಾಫಿ ಮುಗಿಸಿ, ಬಟ್ಟಲು ತೊಳೆದು, ಆಮೇಲೆ ಚಾಕುವಿನಿಂದ ನೀಟಾಗಿ ಬಿಡಿಸುತ್ತೀಯ. ಹಾಗೇ ಮಾಡು. ನಾನು ಆರೋಗ್ಯವಾಗಿದ್ದೇನೆ. ಅವಸರದ ಸುದ್ದಿ ಏನೂ ಇಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಮಗಿಬ್ಬರಿಗೂ ಮಳೆ, ಹಿಮ ಬಿಟ್ಟು ಬೇರೆ ಮಾತು ಬರುವುದಿಲ್ಲ. ನಿನ್ನೆ ಮಾಡಿದಾಗ ನೀನು "ಇಲ್ಲಿ ಹಿಮ ಪೂರ್ತಿ ಕರಗಿದೆ, ಹಿತ್ತಲೆಲ್ಲ ಕೆಸರು" ಅಂದೆ. ನಾನು "ಇಲ್ಲೂ ಹಾಗೇ" ಅಂದೆ. ಅದಕ್ಕೂ ಹಿಂದಿನ ಭಾನುವಾರ ನೀನು ಎರಡು ಗಂಟೆ ಕಾರು ಓಡಿಸಿಕೊಂಡು ಇಲ್ಲಿಗೆ ಬಂದಿದ್ದೆ. ನಮ್ಮ ಸಭಾಂಗಣದ ಕೊನೆಯ ಸಾಲಿನಲ್ಲಿ ಕೂತಿದ್ದೆ. ನಿನ್ನ ಬಗ್ಗೆ ಬರೆದದ್ದನ್ನು ಐವತ್ತು ಜನರ ನಡುವೆ ಕೂತು ಕೇಳಿದೆ, ಎದ್ದು ಹೋದೆ. ಆ ಮಾತನ್ನು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಫೋನ್ ಇಟ್ಟ ಮೇಲೆ ಬರೆಯಲೇಬೇಕು ಅನ್ನಿಸಿತು.

ಮೊದಲಿನಿಂದ ಬರೆಯುತ್ತೇನೆ. ನಡುವೆ ಎಲ್ಲಾದರೂ ಹಾರಿಸಿದರೆ ಹಾರಿಸಿದ ಕಡೆಯೇ ಏನಾದರೂ ಮುಚ್ಚಿಡುತ್ತೇನೆ. ನನ್ನ ಅಭ್ಯಾಸ ನಿನಗೆ ಗೊತ್ತು.

ಟರ್ಕಿ ಕೋಳಿ ಕಾರ್ಖಾನೆಯ ಕೆಲಸ ಬಿಟ್ಟು ಇಪ್ಪತ್ತಾರನೇ ವಯಸ್ಸಿಗೆ ಕಾಲೇಜಿಗೆ ಹೋಗುತ್ತೇನೆ ಅಂದಾಗ ನೀನು ಬಟ್ಟೆ ಮಡಿಸುತ್ತಿದ್ದೆ. "ಏನು ಓದ್ತೀಯ?" ಅಂದೆ. ನಾನು ಆರೋಗ್ಯ ಶಿಕ್ಷಣ ಅಂದೆ. "ಅಂದ್ರೆ ನರ್ಸಾ?" "ನರ್ಸ್ ಅಲ್ಲಮ್ಮ. ಕಾಯಿಲೆ ಬರೋಕೆ ಮುಂಚೆನೇ ಜನಕ್ಕೆ ಹೇಳೋರು." ನೀನು ಒಂದು ಟವೆಲ್ ಮಡಿಸಿ, ಇನ್ನೊಂದು ತೆಗೆದುಕೊಂಡು, "ಮುಂಚೆನೇ ಹೇಳಿದ್ರೆ ಯಾರು ಕೇಳ್ತಾರೆ?" ಅಂದೆ. ತಮಾಷೆಯ ಮಾತಿನ ಹಾಗಿತ್ತು. ನಾನು ನಕ್ಕೆ. ನೀನು ನಗಲಿಲ್ಲ. ಹೇಳಿದರೂ ಕೇಳದವಳು ನಿನ್ನ ಎದುರಿಗೇ ನಿಂತಿದ್ದಳು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

ಈ ವರ್ಷ ಜನವರಿಯಲ್ಲಿ ವಿಭಾಗದ ನನ್ನ ಅಂಚೆ ಗೂಡಿನಲ್ಲಿ ಒಂದು ಲಕೋಟೆ ಇತ್ತು. ಗೌರವ ಸಂಘಕ್ಕೆ ಸೇರಲು ಕರೆ. ನಿನಗೆ ಸಂಘ ಅಂದರೆ ಚರ್ಚಿನ ಹೆಂಗಸರ ಸಂಘ. ಇದು ಬೇರೆ. ಹೆಸರು ಮೂರು ಗ್ರೀಕ್ ಅಕ್ಷರ. ಆರೋಗ್ಯ ಶಿಕ್ಷಣ ಓದುವವರಲ್ಲಿ ಒಳ್ಳೆಯ ಅಂಕ ತೆಗೆದವರನ್ನು, ಊರಿಗಾಗಿ ಇಷ್ಟು ಗಂಟೆ ಅಂತ ದುಡಿದವರನ್ನು ಆರಿಸಿ ಸೇರಿಸಿಕೊಳ್ಳುತ್ತಾರೆ. ನಮ್ಮ ತರಗತಿಯಲ್ಲಿ ಎಲ್ಲರಿಗೂ ಇಪ್ಪತ್ತು, ಇಪ್ಪತ್ತೊಂದು ವಯಸ್ಸು. ನನ್ನನ್ನು ಒಬ್ಬ ಹುಡುಗ ಮೊದಲ ದಿನ ಮೇಡಂ ಅಂತ ಎದ್ದು ನಿಂತು ಮಾತಾಡಿಸಿದ್ದ. ಅಂಥವರ ನಡುವೆ ಕರೆ ಬಂದಿದ್ದು ದೊಡ್ಡದೇ. ನಮ್ಮ ಪ್ರಾಧ್ಯಾಪಕಿ ಡಾ. ಒಕರ್‌ಲಂಡ್ ಸಂಘದ ಸಲಹೆಗಾರ್ತಿ. ಅವರು ಕಾರಿಡಾರಿನಲ್ಲಿ ನಿಲ್ಲಿಸಿ, "ಜನೆಲ್, ಅರ್ಜಿ ಹಾಕು. ಮೂವತ್ತು ವರ್ಷದವರಿಗೆ ಕೆಲಸ ಕೊಡೋವಾಗ ಜನ ಎರಡು ಸಲ ನೋಡ್ತಾರೆ. ಇದು ಹೆಸರಿನ ಜೊತೆ ಇರ್ಲಿ" ಅಂದರು.

ನನಗೆ ಖುಷಿಯಾಯಿತು ಎಂದು ಬರೆಯಬೇಕು. ಆಗಲಿಲ್ಲ. ಬೇಜಾರೂ ಆಗಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದ್ದೂ ಇಲ್ಲದ ಹಾಗಿರುತ್ತದಲ್ಲ, ನನಗೆ ಏಳು ವರ್ಷದಿಂದ ಒಳಗೆಲ್ಲ ಹಾಗೆ. ಊಟ ಮಾಡುತ್ತೇನೆ, ಓದುತ್ತೇನೆ, ಬಾಡಿಗೆ ಮನೆಯವರ ಬೆಕ್ಕಿಗೆ ಹಾಲು ಹಾಕುತ್ತೇನೆ. ಯಾವುದೂ ತಾಗುವುದಿಲ್ಲ. ಅಂಕ ಚೆನ್ನಾಗಿ ಬರಲು ಅದೂ ಒಂದು ಕಾರಣವಿರಬೇಕು.

ಅರ್ಜಿಯ ಜೊತೆ ಎರಡು ಪುಟದ ಪ್ರಬಂಧ ಕೊಡಬೇಕಿತ್ತು. ಈ ವಿದ್ಯೆಯನ್ನು ಯಾಕೆ ಆರಿಸಿಕೊಂಡಿರಿ ಎಂಬುದರ ಬಗ್ಗೆ. ಗ್ರಂಥಾಲಯದಲ್ಲಿ ಕೂತು ಒಂದೇ ಉಸಿರಿಗೆ ಬರೆದೆ. ನೀನು ಕೇಳಿಸಿಕೊಂಡಿದ್ದೀಯ, ಆದರೂ ಇಲ್ಲಿ ಬರೆಯುತ್ತೇನೆ. "1995ರ ಫೆಬ್ರವರಿಯಲ್ಲಿ ನನ್ನ ನಾಲ್ಕು ತಿಂಗಳ ಮಗ ನೆಲ್ಸ್ ನನ್ನ ತಾಯಿಯ ಮನೆಯಲ್ಲಿ ನಿದ್ದೆಯಲ್ಲೇ ತೀರಿಕೊಂಡ. ನನ್ನ ತಾಯಿ ಅವನನ್ನು ದೊಡ್ಡ ಹಾಸಿಗೆಯ ಮೇಲೆ ಬೋರಲು ಮಲಗಿಸಿ, ಕೌದಿ ಹೊದಿಸಿದ್ದರು. ಕೂಸನ್ನು ಅಂಗಾತ ಮಲಗಿಸಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಅಂಥ ಅಜ್ಜಿಯರಿಗೆ ಹೇಳುವುದಕ್ಕಾಗಿ ನಾನು ಈ ವಿದ್ಯೆ ಕಲಿಯುತ್ತಿದ್ದೇನೆ."

ಐದು ವಾಕ್ಯ. ಅದರಲ್ಲಿ ಮೊದಲನೆಯದು ಮಾತ್ರ ನಿಜ. ಕೊನೆಯದು ಅರ್ಧ ನಿಜ.

ಬರೆಯುವಾಗ ಒಂದು ಪದವನ್ನೂ ಹೊಡೆದುಹಾಕಲಿಲ್ಲ ಅಮ್ಮ. ಅದನ್ನು ನೀನು ತಿಳಿದುಕೊಳ್ಳಬೇಕು. ಸುಳ್ಳು ಬರೆಯುತ್ತಿದ್ದೇನೆ ಎಂದೂ ಅನ್ನಿಸಲಿಲ್ಲ. ಊರಿಗೆ ಊರೇ ಏಳು ವರ್ಷದಿಂದ ಹೇಳುತ್ತಿದ್ದ ಮಾತನ್ನು ನೀಟಾಗಿ ಟೈಪ್ ಮಾಡಿದೆ ಅಷ್ಟೇ.

ಸೇವೆಯ ಗಂಟೆಗಳಿಗೆ ನಾನು ಆರಿಸಿಕೊಂಡಿದ್ದು ಅಜ್ಜಿಯರ ತರಗತಿ. ಇಲ್ಲಿಯ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಪ್ರತಿ ಬುಧವಾರ ಹನ್ನೆರಡು ಹದಿನಾಲ್ಕು ಜನ ಬರುತ್ತಿದ್ದರು. ಮಗಳೋ ಸೊಸೆಯೋ ಕೆಲಸಕ್ಕೆ ಹೋದಾಗ ಮೊಮ್ಮಗುವನ್ನು ನೋಡಿಕೊಳ್ಳುವವರು. ನಾನು ಒಂದು ರಬ್ಬರ್ ಬೊಂಬೆ ತೆಗೆದುಕೊಂಡು ಹೋಗುತ್ತಿದ್ದೆ. ಅಂಗಾತ ಮಲಗಿಸಿ, ತೊಟ್ಟಿಲಲ್ಲಿ ಬೇರೇನೂ ಇಡಬೇಡಿ, ದಿಂಬು ಬೇಡ, ಕೌದಿ ಬೇಡ, ದೊಡ್ಡವರ ಹಾಸಿಗೆ ಬೇಡ ಎಂದು ತೋರಿಸುತ್ತಿದ್ದೆ. ಬೊಂಬೆಯ ತಲೆಯ ಕೆಳಗೆ ಕೈ ಕೊಟ್ಟು ಎತ್ತುವುದನ್ನು ನೋಡಿ ಒಬ್ಬರು, "ಅನುಭವ ಇದೆ ನಿಂಗೆ, ಮಕ್ಕಳಿದಾವಾ?" ಅಂದರು. "ಇಲ್ಲ" ಅಂದೆ.

ಮಾರ್ಚ್‌ನಲ್ಲಿ ಒಂದು ದಿನ ಮುಂದಿನ ಸಾಲಿನ ಒಬ್ಬ ಅಜ್ಜಿ ಹೆಣಿಗೆ ನಿಲ್ಲಿಸಿ ಕೇಳಿದರು. "ನಾನು ಆರು ಮಕ್ಕಳನ್ನ ಬೋರಲೇ ಮಲಗಿಸಿ ಬೆಳೆಸ್ದೆ. ಒಂದು ಉಳೀಲಿಲ್ಲ. ಈಗ ನೀನು ಬಂದು ಅದನ್ನ ನಾನೇ ಕೊಂದೆ ಅಂತೀಯಾ ತಾಯಿ?" ನಾನು ಹೇಳಿದೆ, ಆ ಕಾಲದಲ್ಲಿ ಡಾಕ್ಟರೇ ಹಾಗೆ ಮಲಗಿಸಿ ಎನ್ನುತ್ತಿದ್ದರು, ನಿಮ್ಮ ತಪ್ಪಲ್ಲ, ಇಂಥದ್ದರಿಂದಲೇ ಹೋಯಿತು ಎಂದು ಯಾರೂ ಕಂಡವರಿಲ್ಲ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ನಲವತ್ತು ವರ್ಷಕ್ಕೆ ಒಬ್ಳು ಹೇಳಿದ್ಲು ನೋಡು" ಎಂದು ಪಕ್ಕದವರಿಗೆ ಹೇಳಿ ಮತ್ತೆ ಹೆಣೆಯತೊಡಗಿದರು.

ಗುರುತೇ ಇಲ್ಲದ ಆಕೆಗೆ ಅರ್ಧ ನಿಮಿಷದಲ್ಲಿ ಕೊಟ್ಟ ಮಾತನ್ನು ನಾನು ನಿನಗೆ ಕೊಟ್ಟಿಲ್ಲ. ಆವತ್ತು ಕಾರಿನಲ್ಲಿ ಕೂತಾಗ ಅದು ಹೊಳೆಯಿತು. ಹೊಳೆದದ್ದನ್ನು ಪಕ್ಕಕ್ಕಿಟ್ಟು, ಸೂಪ್ ಡಬ್ಬಿ ತರಲು ಅಂಗಡಿಗೆ ಹೋದೆ.

ಈಗ ಸಮಾರಂಭದ ವಿಷಯ. ಸಂಘದ ಅಧ್ಯಕ್ಷೆ ಕೆಲ್ಸಿ ಎಂಬ ಹುಡುಗಿ. ಇಪ್ಪತ್ತೊಂದು ವರ್ಷ, ತುಂಬ ಚುರುಕು, ಮನಸ್ಸು ಒಳ್ಳೆಯದು. ಆಕೆ ಒಂದು ವಾರ ಮೊದಲು ಬಂದು, "ಈ ಸಲದ ಪ್ರಬಂಧಗಳಲ್ಲಿ ನಿಮ್ಮದೇ ಎಲ್ಲಕ್ಕಿಂತ ಚೆನ್ನಾಗಿದೆ, ನಾನೇ ಓದ್ಲಾ? ನಿಮಗೆ ಓದೋಕೆ ಕಷ್ಟ ಆಗಬಹುದು" ಅಂದಳು. ಓದು ಅಂದೆ. ಕೇಳುವವರು ಯಾರು, ವಿಭಾಗದವರು ತಾನೇ ಅಂದುಕೊಂಡೆ. ಅರ್ಜಿಯಲ್ಲಿ ಹತ್ತಿರದ ಸಂಬಂಧಿ ಎಂಬ ಜಾಗದಲ್ಲಿ ನಿನ್ನ ಹೆಸರು, ವಿಳಾಸ ಬರೆದಿದ್ದೆ. ಅದನ್ನು ನೋಡಿ ಅವಳು ಎಲ್ಲರ ಮನೆಗೂ ಕರೆಯೋಲೆ ಕಳಿಸಿದ್ದಳು, ಖುಷಿಯಾಗಲಿ ಅಂತ. ನನಗೆ ಹೇಳಿರಲಿಲ್ಲ. ನೀನೂ ಹೇಳಲಿಲ್ಲ.

ಹೊಸಬರು ಒಂಬತ್ತು ಜನ ಸಾಲಾಗಿ ನಿಂತಿದ್ದೆವು. ಕೈಯಲ್ಲಿ ಮೋಂಬತ್ತಿ. ಕಲಿಸುವುದು, ಅಧ್ಯಯನ, ಸೇವೆ, ಈ ಮೂರರ ಹೆಸರಿನಲ್ಲಿ ಮೇಜಿನ ಮೇಲೆ ಮೂರು ದೊಡ್ಡ ಬತ್ತಿ ಹಚ್ಚಿದ್ದರು. ಅದರಿಂದ ನಾವು ಹಚ್ಚಿಕೊಳ್ಳಬೇಕು. ಹಚ್ಚಿಕೊಂಡು ತಿರುಗಿದಾಗ ನಿನ್ನ ನೀಲಿ ಕೋಟು ಕಂಡಿತು. ನೀನು ತಲೆ ಬಾಚಿಸಿಕೊಂಡು ಬಂದಿದ್ದೆ. ನೀನು ನನ್ನನ್ನು ನೋಡಿ ಗಲ್ಲ ಸ್ವಲ್ಪ ಮೇಲೆತ್ತಿದೆ, ಚಿಕ್ಕಂದಿನಲ್ಲಿ ಶಾಲೆಯ ನಾಟಕದಲ್ಲಿ ನೇರ ನಿಲ್ಲು ಎಂದು ಸನ್ನೆ ಮಾಡುತ್ತಿದ್ದೆಯಲ್ಲ, ಹಾಗೆ.

ಆಗ ಕೆಲ್ಸಿ ಕಾಗದ ಬಿಡಿಸಿದಳು.

ಇಲ್ಲಿ ನಾನು ಮುಚ್ಚಿಡಬಾರದು. ನೀನು ಬಂದಿದ್ದು ತಿಳಿಯದೆ ಓದಿಸಿದೆ ಎಂದು ನೀನು ಅಂದುಕೊಂಡಿರಬಹುದು. ನನಗೋಸ್ಕರ ಹಾಗೆ ಅಂದುಕೊಂಡಿರುತ್ತೀಯ. ಆದರೆ ನಾನು ನಿನ್ನನ್ನು ಮೊದಲೇ ನೋಡಿದ್ದೆ. ಕೆಲ್ಸಿ ಕನ್ನಡಕ ಹಾಕಿಕೊಂಡಳು, ಮೈಕು ತಗ್ಗಿಸಿದಳು, ನನ್ನ ಹೆಸರು ಹೇಳಿದಳು. ಅಷ್ಟು ಹೊತ್ತು ಇತ್ತು. ಎರಡು ಹೆಜ್ಜೆ ಮುಂದೆ ಹೋಗಿ ಬೇಡ ಅಂದಿದ್ದರೆ ಸಾಕಿತ್ತು. ಹೋಗಲಿಲ್ಲ. ನಿಂತೆ. ಮೇಣ ಕರಗಿ ಹೆಬ್ಬೆರಳ ಮೇಲೆ ಇಳಿದದ್ದು ಗೊತ್ತಾಗಲಿಲ್ಲ, ಮರುದಿನ ಬೊಬ್ಬೆ ನೋಡಿದಾಗ ಗೊತ್ತಾಯಿತು.

ಚರ್ಚಿನಲ್ಲಿ ಪ್ರಕಟಣೆ ಓದುವಾಗ ನೀನು ತಲೆ ಸ್ವಲ್ಪ ವಾಲಿಸಿ ಕೇಳುತ್ತೀಯ. ಹಾಗೇ ಕೇಳಿದೆ. "ನನ್ನ ತಾಯಿ ಬೋರಲು ಮಲಗಿಸಿ" ಎಂಬಲ್ಲಿ ಯಾರೋ ಛೇ ಎಂದ ಹಾಗೆ ಕೇಳಿಸಿತು. ನಿನ್ನ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡಳು. ಆ ತಾಯಿ ತನ್ನ ಪಕ್ಕದಲ್ಲೇ ಇದ್ದಾಳೆಂದು ಅವಳಿಗೇನು ಗೊತ್ತು. ನೀನು ಕೈಚೀಲದ ಗುಂಡಿ ಹಾಕಿದೆ. ಅಷ್ಟೇ. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ನೀನೂ ತಟ್ಟಿದೆ.

ನನ್ನ ಕೋಟಿಗೆ ಸಂಘದ ಗುರುತಿನ ಪಿನ್ನು ಚುಚ್ಚಿದರು. ಕೇಕು ಇದ್ದ ಮೇಜಿನ ಕಡೆ ಹೋದಾಗ ನೀನು ಇರಲಿಲ್ಲ. ನೀನು ಮಾಡುವ ಸಿಹಿ, ಖರ್ಜೂರದ ಬಾರ್ ತುಂಬಿದ್ದ ತಟ್ಟೆ ಇತ್ತು, ಎತ್ತಿ ನೋಡಿದರೆ ತಳದಲ್ಲಿ ಬಿಳಿ ಟೇಪಿನ ಮೇಲೆ ಆರ್ಡಿಸ್ ಟಿ. ಎಂದು ನಿನ್ನ ಅಕ್ಷರ. ಕೆಲ್ಸಿ ಬಂದು, "ನಿಮ್ಮ ತಾಯಿ ಕತ್ತಲಾಗೋದ್ರೊಳಗೆ ಊರು ಸೇರ್ಬೇಕು ಅಂತ ಹೋದ್ರು. 'ನೆಟ್ಟಗೆ ನಿಂತ್ಕೊಂಡಿದ್ಲು ಅಂತ ಹೇಳು' ಅಂದ್ರು" ಎಂದಳು. ಆಮೇಲೆ ಅವಳ ಮುಖ ಬಣ್ಣಗೆಟ್ಟಿತು. ಅವಳಿಗೆ ಆಗ ಹೊಳೆದಿರಬೇಕು, ತಾನು ಯಾರೆದುರು ಏನು ಓದಿದೆ ಅಂತ. ನಾನು ನಿಂತುಕೊಂಡೇ ಒಂದು ಬಾರ್ ತಿಂದೆ.

ಇನ್ನು ಆ ಫೆಬ್ರವರಿಯ ಬೆಳಗಿನದು. ಆ ದಿನದ ಮೇಲೆ ನಾವಿಬ್ಬರೂ ಒಮ್ಮೆಯೂ ಬಾಯಿ ಬಿಟ್ಟು ಆಡಿಲ್ಲ. ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ. ಆದರೂ ಒಂದು ಸಲ ಅದು ನನ್ನ ಕೈಯಿಂದ ಕಾಗದದ ಮೇಲೆ ಬರಬೇಕು.

ನನಗೆ ಬೆಳಗಿನ ಪಾಳಿ. ನೆಲ್ಸ್‌ನ ಅಪ್ಪ ಡ್ಯಾರಿನ್ ಟ್ರಕ್ಕು ಓಡಿಸಿಕೊಂಡು ಹೊರ ಊರಿಗೆ ಹೋಗಿದ್ದ. ಐದೂವರೆಗೆ ನೆಲ್ಸ್‌ನನ್ನು ಕಾರಿನ ಸೀಟಿನಲ್ಲಿ ಹಾಕಿಕೊಂಡು ನಿನ್ನ ಮನೆಗೆ ಬಂದೆ. ನಿದ್ದೆ ಹೋಗಿದ್ದ. ನೀನು ಮಡಚುವ ತೊಟ್ಟಿಲನ್ನು ಹಾಸಿಗೆಯ ಪಕ್ಕ ಬಿಡಿಸಿಟ್ಟು, ಬರಿ ಬೆಡ್‌ಶೀಟು ಬಿಗಿದಿದ್ದೆ. "ಜಿಲ್ಲಾ ನರ್ಸ್ ಬಂದಿದ್ಲು ಜನೆಲ್. ಅಂಗಾತ ಮಲಗಿಸಬೇಕಂತೆ ಈಗ. ಕಾಗದ ಫ್ರಿಜ್ ಮೇಲೆ ಅಂಟಿಸಿದೀನಿ, ನೋಡು" ಅಂದೆ. ನಾನು ಏನು ಹೇಳಿದೆ ಎಂದು ನಿನಗೆ ಮರೆತಿರಲಾರದು. "ಅಂಗಾತ ಹಾಕಿದ್ರೆ ಎದ್ದು ಅಳ್ತಾನೆ. ಮೂರು ದಿನದಿಂದ ನಾನು ಸರಿಯಾಗಿ ಕಣ್ಣು ಮುಚ್ಚಿಲ್ಲ. ನೀನು ನಾಲ್ಕು ಜನನ್ನ ಬೋರಲೇ ಹಾಕಿ ಬೆಳೆಸ್ಲಿಲ್ವಾ? ನಾವೆಲ್ಲ ಸತ್ವಾ?" ಅಂದೆ. ನಾನೇ ಅವನನ್ನು ನಿನ್ನ ದೊಡ್ಡ ಹಾಸಿಗೆಯ ಮೇಲೆ ಬೋರಲು ಮಲಗಿಸಿದೆ. ನಾನೇ ಕೌದಿ ಎಳೆದೆ, ಕಿಟಕಿಯಿಂದ ಚಳಿ ಬರುತ್ತಿತ್ತು. ಬಾಗಿಲಲ್ಲಿ ತಿರುಗಿ, "ಎಬ್ಬಿಸ್ಬೇಡ ಅವನ್ನ. ಮುಟ್ಲೇಬೇಡ" ಅಂದೆ.

ನೀನು ಏಳೂವರೆಗೆ ಇಣುಕಿದೆಯಂತೆ. ಉಸಿರು ಚೆನ್ನಾಗಿತ್ತಂತೆ. ತಿರುಗಿಸೋಣ ಎಂದು ಕೈ ಚಾಚಿ, ನನ್ನ ಮಾತು ನೆನಪಾಗಿ ಹಿಂದೆಗೆದೆಯಂತೆ. ಇದನ್ನು ನೀನು ಹೇಳಿದ್ದು ಒಂದೇ ಸಲ, ಆಸ್ಪತ್ರೆಯಲ್ಲಿ, ಗೋಡೆಗೆ ಹೇಳಿದ ಹಾಗೆ. ಒಂಬತ್ತಕ್ಕೆ ನೀನು ಕಾರ್ಖಾನೆಗೆ ಫೋನ್ ಮಾಡಿದೆ.

ಶೆರಿಫ್ ಕಚೇರಿಯಿಂದ ಆಸ್ಪತ್ರೆಗೆ ಬಂದಿದ್ದ ಪೊಲೀಸಿನವನು ಚಿಕ್ಕ ವಯಸ್ಸಿನವ, ಟೋಪಿ ಕಂಕುಳಲ್ಲಿಟ್ಟುಕೊಂಡಿದ್ದ. "ಕೇಳಬಾರದು, ಆದ್ರೆ ಬರ್ಕೋಬೇಕು. ಮಗುನ ಮಲಗಿಸಿದ್ದು ಯಾರು?" ಅಂದ. ನಾನು ಬಾಯಿ ತೆರೆದೆ. ತೆರೆದಿದ್ದು ನಿಜ ಅಮ್ಮ, ಅಷ್ಟನ್ನಾದರೂ ನಂಬು. ನೀನು "ನಾನು" ಅಂದೆ. "ಇವಳು ಬಾಗಿಲಲ್ಲೇ ಕೊಟ್ಟು ಹೋದ್ಲು. ಮಲಗಿಸಿದ್ದು ನಾನು." ಅವನು ಬರೆದುಕೊಂಡ. ಡ್ಯಾರಿನ್‌ನ ತಾಯಿ ಲವೋನ್ ಆಗ ತಾನೇ ಬಂದು ನಿಂತಿದ್ದಳು, ಅವಳಿಗೂ ಕೇಳಿಸಿತು. ಮನೆಗೆ ಹೋಗುವಾಗ ಕಾರಿನಲ್ಲಿ ನೀನು ರಸ್ತೆಯನ್ನೇ ನೋಡುತ್ತ ಹೇಳಿದೆ. "ನಿಂಗೆ ಇಪ್ಪತ್ತಮೂರು. ನಂಗೆ ಐವತ್ತಾರು. ನಾನು ಹೊರ್ತೀನಿ. ಇನ್ನು ಈ ಮಾತು ಬೇಡ."

ನಾನು ಸರಿ ಅಂದೆ.

ನೀನು ಏನೇನು ಹೊತ್ತೆ ಎಂದು ನಾನು ನೋಡುತ್ತ ಬಂದಿದ್ದೇನೆ. ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಲವೋನ್ ಎಲ್ಲರೆದುರು, "ನಾಲ್ಕು ಹೆತ್ತವಳಿಗೆ ಒಂದು ಕೂಸು ಮಲಗಿಸೋಕೆ ಬರ್ಲಿಲ್ಲ" ಅಂದಳು. ನೀನು ಕಾಫಿ ಹೂಜಿ ಹಿಡಿದುಕೊಂಡು ನಿಂತಿದ್ದೆ. ಅವಳ ಬಟ್ಟಲಿಗೂ ಬಗ್ಗಿಸಿದೆ. ಭಾನುವಾರ ಪ್ರಾರ್ಥನೆಯ ಹೊತ್ತಿಗೆ ಕೂಸುಗಳನ್ನು ನೋಡಿಕೊಳ್ಳುವ ಕೋಣೆಯನ್ನು ಇಪ್ಪತ್ತೆರಡು ವರ್ಷ ನೀನೇ ನಡೆಸಿದ್ದೆ. ಅವರು ಬಯ್ಯಲಿಲ್ಲ, "ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಆರ್ಡಿಸ್" ಅಂದರು. ಆ ಸ್ವಲ್ಪ ದಿನ ಇನ್ನೂ ಮುಗಿದಿಲ್ಲ. ಕರ್ಟ್ ಅಣ್ಣನ ಇಬ್ಬರು ಮಕ್ಕಳು ಒಂದು ದಿನವೂ ನಿನ್ನ ಮನೆಯಲ್ಲಿ ಉಳಿದಿಲ್ಲ. ಅತ್ತಿಗೆ ಪ್ರತಿ ಸಲ ಒಂದು ಕಾರಣ ಹೇಳುತ್ತಾಳೆ, ನೀನು ಪ್ರತಿ ಸಲ ಹೌದು ಹೌದು ಅನ್ನುತ್ತೀಯ. ನಾನು ಅದೇ ಮೇಜಿನಲ್ಲಿ ಕೂತು ಆಲೂಗಡ್ಡೆ ಬಡಿಸಿಕೊಂಡಿದ್ದೇನೆ.

ಡ್ಯಾರಿನ್ ನನ್ನನ್ನು ಬಿಟ್ಟು ಹೋದ ಕಾರಣವನ್ನೂ ನಾನು ನಿನ್ನ ಮೇಲೇ ಹಾಕಿದ್ದೆ, ಗೊತ್ತಾ? ಬಾಯಲ್ಲಿ ಅಲ್ಲ. ನಿನಗೆ ಫೋನ್ ಮಾಡದೆ ಇದ್ದ ತಿಂಗಳುಗಳಲ್ಲಿ. ಊರಿನವರು ಹೇಳುವುದನ್ನು ಕೇಳಿ ಕೇಳಿ ನಾನೂ ನಂಬತೊಡಗಿದ್ದೆ. ಮನಸ್ಸಿಗೆ ಬೇಕಾದ್ದನ್ನು ನಂಬಲು ಏಳು ವರ್ಷ ಸಾಕು.

ಸಮಾರಂಭ ಮುಗಿದ ಎರಡು ದಿನಕ್ಕೆ, ಮಂಗಳವಾರ, ಡಾ. ಒಕರ್‌ಲಂಡ್ ಅವರ ಕೋಣೆಗೆ ಹೋದೆ. ಪಿನ್ನನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನು ಹೇಳಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಅವರು ಪೆನ್ಸಿಲ್ ಕೆಳಗಿಟ್ಟು ಕೇಳಿದರು, "ಯಾಕೆ ಹಾಗೆ ಬರೆದೆ?"

"ರೂಢಿಯಾಗಿತ್ತು" ಅಂದೆ.

"ನಿನ್ನ ತಾಯಿಗೆ ಗೊತ್ತಾ, ಹೀಗೆ ಬರೆದಿದ್ದೀಯ ಅಂತ?"

"ಭಾನುವಾರ ಕೇಳಿಸ್ಕೊಂಡ್ರು. ಕೊನೇ ಸಾಲಲ್ಲಿದ್ರು."

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ಬಂದರು. ಬಯ್ಯುತ್ತಾರೆಂದುಕೊಂಡೆ. "ಬೋರಲು ಮಲಗಿದ್ದಕ್ಕೇ ಹೋದ ಅಂತ ಯಾರೂ ಹೇಳೋಕಾಗಲ್ಲ ಜನೆಲ್. ಅಪಾಯ ಬೇರೆ, ಕಾರಣ ಬೇರೆ. ಅದನ್ನೇ ಕೇಳಿದ ಪರೀಕ್ಷೆಲಿ ನಿಂಗೆ ತರಗತಿಗೇ ಹೆಚ್ಚು ಅಂಕ ಕೊಟ್ಟಿದೀನಿ" ಅಂದರು. ನನಗೆ ಗೊತ್ತು ಅಂದೆ. "ಗೊತ್ತಿದೆ, ಸರಿ. ಆದ್ರೆ ಈ ಪ್ರಬಂಧ ಬೇರೆ ವಿಷಯ. ಮಲಗಿಸಿದ್ದು ತಪ್ಪು ಅಂತ ನಾನು ಹೇಳಲ್ಲ, ಬರೆದಿದ್ದು ತಪ್ಪು. ಸಂಘದವರು ಅದನ್ನ ಕೇಳಿ ಚಪ್ಪಾಳೆ ತಟ್ಟಿದಾರೆ. ನಿಜ ಏನು ಅಂತ ಅವರಿಗೆ ನಿನ್ನ ಬಾಯಿಂದಲೇ ಗೊತ್ತಾಗ್ಬೇಕು. ಆಮೇಲೆ ಪಿನ್ನು ಇಟ್ಕೊಳ್ಳೋದೋ ಬಿಡೋದೋ ಅವರು ಹೇಳ್ಲಿ."

ಗುರುವಾರ ಸಂಜೆ ಸಂಘದ ಸಭೆ ಇತ್ತು. ಹದಿನೆಂಟು ಜನ, ಮೇಜಿನ ಮೇಲೆ ಪಿಜ್ಜಾ. ಮೊದಲ ವಿಷಯ ಬೇಸಿಗೆಯ ರಕ್ತದಾನ ಶಿಬಿರ. ಎರಡನೆಯದು ನಾನು. ನಿಂತು ಹೇಳಿದೆ. ನಿನ್ನ ಹೆಸರು ಹೇಳಿದೆ, ಆರ್ಡಿಸ್ ಟೊಲೆಫ್ಸನ್, ಅವರಿಗೆ ಗೊತ್ತಿತ್ತು, ಅವರು ತೊಟ್ಟಿಲು ಸಿದ್ಧ ಮಾಡಿಟ್ಟಿದ್ದರು, ಹೇಳಿದ್ದರು, ಕೇಳದವಳು ನಾನು ಅಂದೆ. ಕೊನೆಯ ಸಾಲಿನಲ್ಲಿ ನಿನ್ನನ್ನು ಕಂಡ ಮೇಲೂ ಓದುವುದನ್ನು ತಡೆಯಲಿಲ್ಲ ಎಂದೂ ಹೇಳಿದೆ. ಯಾರೂ ತಿನ್ನುತ್ತಿದ್ದುದನ್ನು ಮುಂದುವರಿಸಲಿಲ್ಲ. ಹಿಂದಿನಿಂದ ಒಬ್ಬ, "ಹಾಗಾದ್ರೆ ಮತ್ತೆ ಮತ ಹಾಕ್ಬೇಕಾ?" ಅಂದ. ಒರಟಾಗಿ ಅಲ್ಲ, ನಿಯಮ ಕೇಳಿದ ಹಾಗೆ. ಹಾಕಬೇಕು ಎಂದು ಡಾ. ಒಕರ್‌ಲಂಡ್ ಹೇಳಿದರು. ನಾನು ಹೊರಗೆ ಕಾರಿಡಾರಿನಲ್ಲಿ, ಹಲ್ಲುಜ್ಜುವ ಬಗ್ಗೆ ಒಂದನೇ ತರಗತಿಯವರು ಬರೆದ ಚಿತ್ರಗಳ ಕೆಳಗೆ ಕೂತೆ.

ಹನ್ನೊಂದು ಜನ ಇರಲಿ ಅಂದರು, ಏಳು ಜನ ಬೇಡ ಅಂದರು. ನಾನು ಸಂಘದಲ್ಲಿದ್ದೇನೆ. ಪ್ರಬಂಧವನ್ನು ಸಂಘ ಅಚ್ಚು ಹಾಕಿಸುವ ವಾರ್ಷಿಕ ಪುಸ್ತಕದಿಂದ ತೆಗೆದಿದ್ದಾರೆ.

ಕೆಲ್ಸಿ ನನ್ನ ಹಿಂದೆಯೇ ಕಾರಿನ ತನಕ ಬಂದಳು. ಕಣ್ಣು ಕೆಂಪಾಗಿತ್ತು. "ನಾನು ಬೇಡ ಅಂತ ಹಾಕ್ದೆ. ನಿಮಗೆ ಗೊತ್ತಾಗ್ಲಿ ಅಂತ ಹೇಳ್ತಿದೀನಿ" ಅಂದಳು. ಸರಿ ಅಂದೆ. "ನೀವು ಏನು ಮಾಡಿದ್ರಿ ಅನ್ನೋದಕ್ಕಲ್ಲ. ಅವರು ಅಲ್ಲಿ ಕೂತಿದ್ರು, ನೀವು ನೋಡಿದ್ರಿ, ಆದ್ರೂ ನನ್ನ ಬಾಯಲ್ಲಿ ಓದಿಸಿದ್ರಿ. ನಾನು ಅವರನ್ನ ಬಾಗಿಲ ತನಕ ಬಿಟ್ಟು ಬಂದೆ, ಅವರು ನನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿದ್ರು." ಅಷ್ಟು ಹೇಳಿ ಹೋದಳು.

ಎಲ್ಲರಿಗಿಂತ ಅವಳು ಹೇಳಿದ್ದೇ ಸರಿ ಎಂದು ನನಗೆ ಅನ್ನಿಸಿತು. ಅನ್ನಿಸಿತು ಎಂದೆ ನೋಡು. ತುಂಬ ದಿನದ ಮೇಲೆ ಒಂದು ಅನ್ನಿಸಿದ್ದು. ಕಾಲು ಜೋಮು ಬಿಡುವಾಗ ಮೊದಲು ಸೂಜಿ ಚುಚ್ಚಿದ ಹಾಗಾಗುತ್ತದಲ್ಲ, ಅಷ್ಟೇ ಆಗಿದ್ದು. ಅಳು ಬರಲಿಲ್ಲ. ಬಂತೆಂದು ಬರೆದರೆ ನಿನಗೆ ಸಮಾಧಾನವಾಗಬಹುದು, ಆದರೆ ಬರಲಿಲ್ಲ. ಕಾರಿನಲ್ಲಿ ಕೂತು, ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟುಕೊಂಡು, ಮೈದಾನದ ಕಡೆ ನೋಡಿದೆ. ಹುಡುಗಿಯರು ಸಾಫ್ಟ್‌ಬಾಲ್ ಆಡುತ್ತಿದ್ದರು. ಒಬ್ಬಳು ಜಾರಿ ಬಿದ್ದಳು, ಎದ್ದಳು. ಅವರ ಆಟ ಮುಗಿಯುವವರೆಗೂ ಅಲ್ಲೇ ಇದ್ದೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಕಾಗದ ಮಡಿಸುವ ಮೊದಲೇ ಕ್ಷಮಿಸಿಬಿಡುತ್ತೀಯ, ಅದು ಮತ್ತೆ ನಿನ್ನ ಮೇಲೇ ಹಾಕಿದ ಹಾಗೆ. ನೀನು ಬಯ್ಯಬೇಕೆಂದರೆ ಬಯ್ಯಿ. ಏಳು ವರ್ಷದ್ದು ಒಟ್ಟಿಗೆ ಬಯ್ಯಿ. ಕೇಳಿಸಿಕೊಳ್ಳುತ್ತೇನೆ. ಸುಮ್ಮನಿರಬೇಕು ಅನ್ನಿಸಿದರೆ ಸುಮ್ಮನಿರು. ಆದರೆ ಮಳೆ, ಹಿಮದ ಮಾತು ಮಾತ್ರ ಸ್ವಲ್ಪ ದಿನ ಬೇಡ.

ಮುಂದಿನ ಭಾನುವಾರ ಬೆಳಿಗ್ಗೆ ಬರುತ್ತೇನೆ. ನಿನ್ನ ಜೊತೆ ಚರ್ಚಿಗೆ ಬರುತ್ತೇನೆ. ಪ್ರಾರ್ಥನೆ ಮುಗಿದು ಕಾಫಿಗೆ ಎಲ್ಲರೂ ಇಳಿದಾಗ ಪಾದ್ರಿಯವರ ಹತ್ತಿರ ಎರಡು ಮಾತಾಡುತ್ತೇನೆ, ಕೂಸುಗಳ ಕೋಣೆಯ ವಿಷಯ. ನೀನು ನನ್ನ ತೋಳು ಹಿಡಿದು ಎಳೆಯುತ್ತೀಯ. ಎಳೆದರೂ ಮಾತಾಡುತ್ತೇನೆ.

ಮೊಣಕಾಲಿಗೆ ಡಾಕ್ಟರು ಹೇಳಿದ ವ್ಯಾಯಾಮ ಬಿಡಬೇಡ.

ನಿನ್ನ ಮಗಳು,
ಜನೆಲ್

ಬರೆದು ಮುಗಿಸಿದ ಮೇಲೆ: ಇದನ್ನು ಮೇಲೆಯೇ ಹೇಳಬೇಕಿತ್ತು, ಕೈ ಬರಲಿಲ್ಲ. ಶನಿವಾರದ ಅಂಚೆಗೆ ಮೂರು ಕಾಗದ ಹಾಕಿದ್ದೇನೆ, ಡ್ಯಾರಿನ್‌ಗೆ, ಕರ್ಟ್ ಅಣ್ಣನಿಗೆ, ಲವೋನ್‌ಗೆ. ನಿನ್ನನ್ನು ಕೇಳಿದ್ದರೆ ಬೇಡ ಎನ್ನುತ್ತಿದ್ದೆ, ಅದಕ್ಕೇ ನಿನಗೆ ಕೊನೆಯಲ್ಲಿ ಬರೆದೆ. ಲವೋನ್ ಇವತ್ತು ಮಧ್ಯಾಹ್ನವೇ ಫೋನ್ ಮಾಡಿದಳು. ನನ್ನನ್ನು ಏನೂ ಅನ್ನಲಿಲ್ಲ. "ನಿಮ್ಮಮ್ಮನ ನಂಬರ್ ಹರಿದು ಹಾಕಿದ್ದೆ, ಕೊಡು" ಅಂದಳು. ಕೊಟ್ಟೆ. ನೀನು ಈ ಕಾಗದ ಓದಿದ ಮೇಲೆಯೇ ಮಾಡು ಅಂದಿದ್ದೇನೆ, ಬುಧವಾರ ಸಂಜೆ ಮಾಡುತ್ತಾಳೆ. ಎತ್ತಿಕೋ ಅಮ್ಮ. ಅವಳು ಕೇಳಿದಾಗ ನನ್ನನ್ನು ಉಳಿಸಲು ಹೋಗಬೇಡ.